ಬೆಳಕವಾಡಿಯ ಹನಿ ಇಂದ್ರಮ್ಮ

ಬೆಳಗಿನ ಆರು ಗಂಟೆ. ಬೆಳಕವಾಡಿಯ ನಿಂಗಯ್ಯನವರ ಜಗುಲಿಯಲ್ಲಿ ಇಂದ್ರಮ್ಮ ಕಣ್ಣಿನ ಔಷಧಿ ಹಿಡಿದು ನಿಂತಿದ್ದಾರೆ. ಮುದುಕರು ಮುಖ ತಿರುಗಿಸುತ್ತಾರೆ. "ಇವತ್ತು ಸನಿವಾರ ಕಣಮ್ಮ, ಒಪ್ಪತ್ತು. ಪೂಜೆಗೆ ಮುಂಚೆ ಬಾಯಿಗೆ ಏನೂ ಓಗಬಾರ್ದು. ನಿನ್ನ ಹನಿ ಬಿದ್ರೆ ಗಂಟ್ಲಿಗೆ ಕಹಿ ಇಳೀತದೆ. ಓಗು."

"ನಾನೇನೋ ಓಯ್ತೀನಿ ದೊಡ್ಡಪ್ಪ. ಕಣ್ಣೋದ್ರೆ ಯಾರು ತಂದ್ಕೊಡ್ತಾರೆ?"

ಆರೋಗ್ಯ ಕೇಂದ್ರದಲ್ಲಿ ಆಯಾ ಆಗಿರುವ ಇಂದ್ರಮ್ಮ ಡ್ಯೂಟಿಗೆ ಮುಂಚೆ ಹನ್ನೊಂದು ಮನೆ ಸುತ್ತಿ, ಕಣ್ಣಿನ ಒತ್ತಡ ಏರಿದವರಿಗೆ ಹನಿ ಹಾಕುತ್ತಾರೆ. ಯಾರೂ ಹೇಳಿ ಮಾಡಿಸುವ ಕೆಲಸವಲ್ಲ. ಅವರವ್ವ ಅಂಕಮ್ಮ, ನೋವಿಲ್ಲವಲ್ಲ ಎಂದು ಔಷಧಿ ಬಿಟ್ಟಿದ್ದರು. ಕಣ್ಣಿನ ಒತ್ತಡ ಏರಿ ನರ ಕೆಡಿಸುವ ಗ್ಲಾಕೋಮಾ ಸದ್ದಿಲ್ಲದೆ ಎರಡೂ ಕಣ್ಣು ತಿಂದುಹಾಕಿತು. ಹಾಗೆ ಹೋದ ದೃಷ್ಟಿ ಯಾವ ಆಪರೇಷನ್ನಿಗೂ ವಾಪಸ್ಸು ಬರುವುದಿಲ್ಲ. ನಿಂಗಯ್ಯನವರ ಎಡಗಣ್ಣಿನ ಪಕ್ಕದ ನೋಟ ಆಗಲೇ ಹೋಗಿದೆ. ಆದರೂ ಸೋಮವಾರ, ಶನಿವಾರ ಹನಿ ಬೇಡವೆನ್ನುತ್ತಾರೆ. ಮಳವಳ್ಳಿ ಆಸ್ಪತ್ರೆಯಲ್ಲಿ ಅಳೆದಾಗ, ಇಪ್ಪತ್ತೊಂದು ದಾಟಬಾರದ ಒತ್ತಡ ಇಪ್ಪತ್ತೆಂಟು.

ಇಂದ್ರಮ್ಮನಿಗೆ ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳು. ಧಾರಾಳವಾಗಿದೆ! ಅದೂ ಸಿದ್ದರಾಜು ಮೇಲೆ. ಪೊರೆ ಆಪರೇಷನ್ನಿಗೆ ಜನರನ್ನು ಮಂಡ್ಯಕ್ಕೆ ಕರೆದೊಯ್ಯುವ ವ್ಯಾನಿನ ಡ್ರೈವರ್ ಅವನು. ಪಟ್ಟಿ ಬಿಚ್ಚಿದ ಕೂಡಲೇ ಲೋಕ ಕಾಣುತ್ತದೆ, ಊರು ಅವನಿಗೆ ಹಾರ ಹಾಕುತ್ತದೆ. "ಸ್ಟೇರಿಂಗ್ ತಿರುಗಿಸಿದ್ದಕ್ಕೆ ಪೇಟ, ಸಾಲು! ಒಟ್ಟೆ ಉರೀತದೆ ಸಾ. ಆರು ವರ್ಸದಿಂದ ಹನಿ ಆಕ್ತಾ ಇವ್ನಿ, ಒಂದು ಮೊಳ ಊವ ಕೊಟ್ಟೋರಿಲ್ಲ" ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ.

ಉರಿ ಉರಿಯುತ್ತಲೇ ಇರಲಿ, ಕೆಲಸ ನಿಲ್ಲುವುದಿಲ್ಲ. ಗದರಿಸಿ ಮುದುಕರನ್ನು ಜಗುಲಿಯಲ್ಲಿ ಅಂಗಾತ ಮಲಗಿಸುತ್ತಾರೆ. ಕೆಳರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಔಷಧಿ ಗಂಟಲಿಗೆ ಇಳಿಯದಿರಲೆಂದು ನರ್ಸಮ್ಮ ಹೇಳಿಕೊಟ್ಟ ಉಪಾಯ ಇದು.

"ಕಹಿ ಬಂತಾ?"

"ಇಲ್ಲ ಕಣಮ್ಮ!"

"ಮತ್ತೆ? ನಿನ್ನ ಒಪ್ಪತ್ತು ಎಲ್ಲಿ ಕೆಡ್ತು? ಇನ್ಮೇಲೆ ಸೋಮವಾರ, ಸನಿವಾರ ಅಂತ ನೆಪ ಏಳಬ್ಯಾಡ."

ಅವತ್ತಿನಿಂದ ಮೂರು ತಿಂಗಳು, ಒಂದು ದಿನವೂ ಹನಿ ತಪ್ಪಿಲ್ಲ. ಮೊನ್ನೆ ಮಳವಳ್ಳಿಯಲ್ಲಿ ಅಳೆದರೆ ಹದಿನಾರು. ನಿಂಗಯ್ಯ ಅರಳಿಕಟ್ಟೆಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದಾರೆ: "ಏನೂ ಆಗಿಲ್ವಂತೆ ಕಣ್ಲಾ! ಕಣ್ಣು ಎಂಗಿತ್ತೋ ಅಂಗೇ ಅದೆ. ಈ ಇಂದ್ರಮ್ಮ ಸುಮ್ಕೆ ಎದರಿಸ್ತಾಳೆ."

ಪಕ್ಕದಲ್ಲೇ ನಿಂತ ಇಂದ್ರಮ್ಮನ ಮುಖ ಕೆಂಪಾಗುತ್ತದೆ.

"ಕೇಳಿದ್ರಾ ಸಾ? ಏನೂ ಆಗಿಲ್ವಂತೆ. ಆ ಸಿದ್ದರಾಜು ಒಂದೇ ಒಂದ್ಸಲ ಇಂಗೆ ಏನೂ ಆಗ್ದಂಗೆ ಮಾಡಿ ತೋರಿಸ್ಲಿ, ನೋಡವ."