ದೇವಿಮನೆ ಘಟ್ಟದಲ್ಲಿ ಜಾರಿದ ಕ್ಲಚ್ಚು

"ಗಾಡಿಗೆ ಎಂತದೂ ಆಗ್ಲಿಲ್ಲ ಅಣ್ಣಾ. ಆಗಿದ್ದು ನಿನ್ನ ಎಡಗಾಲಿಗೆ," ಎಂದ ಹೊನ್ನಾವರದ ಮೇಸ್ತ್ರಿ. ಗ್ಯಾರೇಜಿನಲ್ಲಿ ಹಳೆ ಟಯರಿನ ಮೇಲೆ ಕೂತಿದ್ದ ಮೂವರು ಡ್ರೈವರುಗಳು ನಕ್ಕರು. ಅಪ್ಪನೂ ಅವರ ಜೊತೆ ನಕ್ಕ. ನನಗೆ ತಡೆಯಲಾಗದೇ ಹೋದದ್ದು ಅದು. ಮೂವತ್ತು ವರ್ಷ ಗಾಡಿ ಓಡಿಸಿದವನು ತನ್ನ ಕಾಲಿನ ಮೇಲೆ ಬಂದ ಮಾತಿಗೆ ತಾನೇ ನಗಬೇಕೇ?

"ಕ್ಲಚ್ಚಿನ ಮೇಲೆ ಕಾಲು ಇಟ್ಕಂಡೇ ಓಡಿಸ್ತಿ ನೀನು. ವಯಸ್ಸಾದವ್ರ ಚಟ ಅದು. ಹೊಸ ಪ್ಲೇಟ್ ಹಾಕಿ ಒಂದು ತಿಂಗಳಾಗ್ಲಿಲ್ಲ, ಆಗ್ಲೇ ಜಾರ್ತದೆ ಅಂದ್ರೆ ನಾ ಎಂತ ಮಾಡೂದು?"

ಅದು ಸೆಪ್ಟೆಂಬರ್ ತಿಂಗಳ ಎರಡನೇ ಮಂಗಳವಾರ. ಆ ತಿಂಗಳಲ್ಲಿ ಅದೇ ಗ್ಯಾರೇಜಿಗೆ ಅದು ಮೂರನೇ ಸಲ ಎಂದು ನನ್ನ ನೋಟ್‌ಬುಕ್ಕಿನಲ್ಲಿದೆ. ಮೂರು ಸಲವೂ ಗಾಡಿ ಖಾಲಿಯಾಗಿ ಶಿರಸಿಯಿಂದ ಇಳಿದು ಬಂದಿತ್ತು. ಮೂರು ಸಲವೂ ಮೇಸ್ತ್ರಿ ಅದನ್ನು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಸರಿ ಇದೆ ಎಂದಿದ್ದ.

ಅಪ್ಪನದು ಮೀನು ಸಾಗಿಸುವ ಟರ್ಬೊ ಗಾಡಿ. ಬೆಳಿಗ್ಗೆ ಹನ್ನೊಂದೂವರೆಗೆ ಭಟ್ಕಳದ ಬಂದರಿನಲ್ಲಿ ಮಂಜುಗಡ್ಡೆ ಹಾಕಿದ ಪೆಟ್ಟಿಗೆಗಳನ್ನು ತುಂಬಿಕೊಂಡು, ಹೊನ್ನಾವರ, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ನಾಲ್ಕು ಗಂಟೆಯೊಳಗೆ ಶಿರಸಿ ಪೇಟೆಗೆ ಮುಟ್ಟಿಸಬೇಕು. ಸಂಜೆಯ ವ್ಯಾಪಾರ ಶುರುವಾದ ಮೇಲೆ ಬಂದ ಮೀನನ್ನು ಯಾರೂ ಕೇಳುವುದಿಲ್ಲ. ಆಗಸ್ಟಿನ ಕೊನೆಯಿಂದ ಗಾಡಿ ಘಟ್ಟದಲ್ಲಿ ಎಳೆಯದಾಯಿತು. ಎರಡು ಸಲ ಐದು ಗಂಟೆ ದಾಟಿತು. ಮೀನು ಕಳಿಸುವ ಭಟ್ಕಳದ ಸಾಹುಕಾರರು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಇನ್ನೊಂದು ಸಲ ತಡ ಆದ್ರೆ ನಿನ್ನ ತಮ್ಮ ಓಡಿಸ್ಲಿ. ಗಾಡಿ ನಿಂದೇ ಇರ್ಲಿ, ಕಾಲು ಅವಂದು ಆಗ್ಲಿ."

ಮೇಸ್ತ್ರಿಯ ಮಾತು ಹೊನ್ನಾವರದಿಂದ ಭಟ್ಕಳಕ್ಕೆ ನಮ್ಮ ಗಾಡಿಗಿಂತ ಬೇಗ ಮುಟ್ಟಿತ್ತು. ಚಿಕ್ಕಪ್ಪನಿಗೂ ಮುಟ್ಟಿತ್ತು. ಅವನು ಮನೆಗೆ ಬಂದು, ಚಾ ಕುಡಿದು, "ಅಣ್ಣಾ, ನೀ ಮನೇಲಿ ಆರಾಮ ಇರು. ಹೆಂಗೂ ನಾನಿದ್ದೆ ಅಲ್ದಾ," ಎಂದ. ಅಪ್ಪ ಎಡ ಮೊಣಕಾಲನ್ನು ಒತ್ತಿಕೊಂಡ. ಆ ನೋವು ಆವರೆಗೆ ಇರಲೇ ಇಲ್ಲ.

ಆ ವರ್ಷ ನಾನು ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಬುಧವಾರದಿಂದ ಪುಸ್ತಕಗಳನ್ನು ಮುಚ್ಚಿಟ್ಟು, ದಿನವೂ ಗಾಡಿಯಲ್ಲಿ ಅಪ್ಪನ ಪಕ್ಕ ಕೂತೆ. ಪೆಟ್ಟಿಗೆ ಎಷ್ಟು, ಯಾವ ಮೀನು, ಎಷ್ಟು ಗಂಟೆಗೆ ಯಾವ ಊರು ದಾಟಿತು, ಘಟ್ಟದ ಯಾವ ತಿರುವಿನಲ್ಲಿ ಯಾವ ಗೇರು ಎಂದೆಲ್ಲ ಬರೆದೆ. ಅಪ್ಪನ ಎಡಗಾಲನ್ನೂ ನೋಡಿದೆ. ಗೇರು ಬದಲಿಸಿದ ಮೇಲೆ ಅದು ಪೆಡಲಿನ ಮೇಲೆ ಒಂದು ಸಲವೂ ಉಳಿಯಲಿಲ್ಲ. ಬುಧ, ಗುರು, ಶುಕ್ರ ಮೂರೂ ದಿನ ನೋಡಿದೆ.

ಎರಡನೇ ದಿನವೇ ಒಂದು ಸಂಗತಿ ಗೊತ್ತಾಯಿತು. ಎಲ್ಲರೂ 'ಎಳೆತ ಇಲ್ಲ' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೋಷಗಳನ್ನು ಕಟ್ಟಿಹಾಕಿದ್ದರು. ಕೆಲವೊಮ್ಮೆ ಆಕ್ಸಿಲರೇಟರ್ ಒತ್ತಿದರೂ ಎಂಜಿನ್ನಿನ ಸದ್ದೇ ಏರುತ್ತಿರಲಿಲ್ಲ. ಹಿಂದೆ ಕಪ್ಪು ಹೊಗೆ, ಬಾನೆಟ್ಟಿನ ಕೆಳಗೆ ಸುಯ್ಯೆನ್ನುವ ಸಣ್ಣ ಶಬ್ದ. ಇನ್ನು ಕೆಲವೊಮ್ಮೆ ಎಂಜಿನ್ ಗೋಳಿಡುವಷ್ಟು ಜೋರಾಗಿ ತಿರುಗುತ್ತಿತ್ತು, ಸುತ್ತು ತೋರಿಸುವ ಮುಳ್ಳು ಮೇಲೇರುತ್ತಿತ್ತು, ವೇಗದ ಮುಳ್ಳು ಮಾತ್ರ ಕೆಳಗೆ ಬೀಳುತ್ತಿತ್ತು. ಮೊದಲನೆಯದು ಎಂಜಿನ್ನಿನ ಉಸಿರಿನ ತೊಂದರೆ. ಎರಡನೆಯದರಲ್ಲಿ ಎಂಜಿನ್ನಿಗೆ ಶಕ್ತಿ ಇದೆ, ಅದು ಚಕ್ರಕ್ಕೆ ಮುಟ್ಟುತ್ತಿಲ್ಲ. ನಾನು ಎರಡಕ್ಕೂ ಬೇರೆ ಬೇರೆ ಕಾಲಮ್ ಎಳೆದೆ.

ಮೊದಲನೆಯದನ್ನು ಶುಕ್ರವಾರ ರಾತ್ರಿ ನಮ್ಮ ಅಂಗಳದಲ್ಲೇ ಹಿಡಿದೆವು. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಆ ಗಾಳಿ ಹೋಗುವ ದಪ್ಪ ರಬ್ಬರ್ ಪೈಪನ್ನು ಅಪ್ಪ ಕಳಚಿ, ಎರಡು ಕೈಯಲ್ಲೂ ಹಿಡಿದು ಬಗ್ಗಿಸಿದ. ಅಡಿಭಾಗದಲ್ಲಿ ಬೆರಳುದ್ದದ ಸೀಳು ಬಾಯಿ ಬಿಟ್ಟಿತು. ನಿಂತ ಗಾಡಿಯಲ್ಲಿ ಅದು ಮುಚ್ಚಿಕೊಂಡೇ ಇರುತ್ತದೆ. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಬಿಚ್ಚಿಕೊಂಡು ಗಾಳಿ ಹೊರಹೋಗುತ್ತದೆ. ಮೇಸ್ತ್ರಿ ಇದಕ್ಕಾಗಿ ಡೀಸೆಲ್ ಫಿಲ್ಟರು, ನಾಜಲ್ಲು ಎಲ್ಲ ಬದಲಿಸಿದ್ದ. ಪೈಪನ್ನು ಒಂದು ಸಲ ಬಗ್ಗಿಸಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಪೈಪು ಹಾಕಿದೆವು. ಶನಿವಾರ ಕಪ್ಪು ಹೊಗೆ ಇಲ್ಲ. ಕುಮಟಾದವರೆಗೆ ಗಾಡಿ ಹಾರಿದಂತೆ ಬಂತು. ಘಟ್ಟದ ಮೂರನೇ ತಿರುವಿನಲ್ಲಿ ಕ್ಲಚ್ಚು ಜಾರಿತು. ಅದೂ ಹಿಂದೆಂದಿಗಿಂತ ಕೆಟ್ಟದಾಗಿ. ಈಗ ಎಂಜಿನ್ನಿಗೆ ಪೂರ್ತಿ ಬಲ ಬಂದಿತ್ತಲ್ಲ! ಹಿಂದೆ ಬಸ್ಸುಗಳು ಸಾಲಾಗಿ ನಿಂತು ಹಾರ್ನ್ ಹೊಡೆದವು. ಸುಟ್ಟ ವಾಸನೆ ಕ್ಯಾಬಿನ್ನಿನೊಳಗೆ ಬಂತು. ಶಿರಸಿ ಮುಟ್ಟಿದಾಗ ನಾಲ್ಕು ಐವತ್ತು. ಸಾಹುಕಾರರ ಫೋನು ಐದಕ್ಕೇ ಬಂತು. ಸೋಮವಾರದಿಂದ ಚಿಕ್ಕಪ್ಪ ಎಂದರು.

ವಾಪಸು ಇಳಿಯುವಾಗ ನಾನು ನೋಟ್‌ಬುಕ್ ತೆರೆದು, ನಾಲ್ಕು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬುಧವಾರ ಜಾರಿದೆ. ಗುರುವಾರ ಜಾರಿಲ್ಲ. ಶುಕ್ರವಾರ ಜಾರಿದೆ, ಶನಿವಾರ ಜಾರಿದೆ. ಬುಧವಾರ, ಶುಕ್ರವಾರ ಜಾರಿದರೂ ಹೇಗೋ ನಾಲ್ಕರೊಳಗೆ ಮುಟ್ಟಿದ್ದೆವು. ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ. ನಾಲ್ಕೂ ದಿನ ತಾರ್ಲೆ ಮೀನು, ಅದೇ ರಸ್ತೆ, ಅದೇ ಕಾಲು. ಹಾಗಾದರೆ ಗುರುವಾರ ಬೇರೆ ಏನಿತ್ತು? ಸಮಯದ ಕಾಲಮಿನ ಪಕ್ಕ ನಾನೇ ಬರೆದಿದ್ದೆ: 'ಕತಗಾಲದ ಹತ್ತಿರ ಪೊಲೀಸ್ ಜೀಪು, ಘಟ್ಟದ ಬುಡದವರೆಗೂ ನಮ್ಮ ಹಿಂದೆಯೇ.'

ಜೀಪು ಹಿಂದೆ ಇದ್ದುದರಿಂದ ಅಪ್ಪ ಅಂದು ತಂತಿ ಎಳೆದಿರಲಿಲ್ಲ.

ಆ ತಂತಿಯ ವಿಷಯ ಹೇಳಬೇಕು. ಮಂಜುಗಡ್ಡೆ ಕರಗಿ ಇಳಿಯುವ ಮೀನಿನ ನೀರು ರಸ್ತೆಗೆ ಬೀಳಬಾರದೆಂದು ಗಾಡಿಗಳಿಗೆ ಅಡಿಯಲ್ಲಿ ಒಂದು ಟ್ಯಾಂಕು ಕಟ್ಟಿರುತ್ತಾರೆ. ಅದನ್ನು ಪೇಟೆಯ ಗುಂಡಿಯಲ್ಲಿ ಖಾಲಿ ಮಾಡಬೇಕು. ಆದರೆ ಘಟ್ಟಕ್ಕೆ ಮೊದಲು ಭಾರ ಇಳಿಯಲಿ ಎಂದು, ಕತಗಾಲ ದಾಟಿ ಕಾಡು ಶುರುವಾದಲ್ಲಿ ಡ್ರೈವರುಗಳು ನಲ್ಲಿ ಬಿಡುತ್ತಾರೆ. ನಲ್ಲಿಗೆ ಕಟ್ಟಿದ ತಂತಿ ಸೀಟಿನ ಕೆಳಗೇ ಇರುತ್ತದೆ. ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಗೇರು ಬದಲಿಸಿದ್ದನ್ನೆಲ್ಲ ಬರೆದವಳು ಇದನ್ನು ಮಾತ್ರ ಒಂದು ದಿನವೂ ಬರೆದಿರಲಿಲ್ಲ. ಮರೆತದ್ದಲ್ಲ. ಅಪ್ಪನ ಕಳ್ಳತನ ನನ್ನ ಅಕ್ಷರದಲ್ಲಿ ಇರುವುದು ಬೇಡ ಎಂದು ಬಿಟ್ಟದ್ದು. ಆ ಕ್ಷಣ ಮೇಸ್ತ್ರಿಯ ಮೇಲಿನಷ್ಟೇ ಸಿಟ್ಟು ನನ್ನ ಮೇಲೂ ಬಂತು.

"ಅಪ್ಪಾ, ಆ ನೀರು ಈಗ ಎಲ್ಲಿ ಬೀಳ್ತದೆ?"

"ಹಿಂದೆ ಬೀಳ್ತಿತ್ತು. ಬೈಕಿನವ್ರು ಅಡ್ಡ ಹಾಕಿ ಬೈದ್ರು ಅಲ್ದಾ, ಆಗಸ್ಟಲ್ಲಿ. ಪ್ಲೇಟ್ ಹಾಕೂಕೆ ಹೋದಾಗ ಮೇಸ್ತ್ರಿ ಹತ್ರ ಹೇಳಿ ಪೈಪ್ ಮುಂದೆ ತಿರುಗಿಸ್ದೆ. ಗಾಡಿ ನಡುವೇ ಬಿದ್ರೆ ಯಾರಿಗೂ ಕಾಣೂದಿಲ್ಲ."

ಗಾಡಿ ನಿಲ್ಲಿಸಲು ಹೇಳಿದೆ. ಅಪ್ಪ ರಸ್ತೆ ಬದಿಯಲ್ಲಿ ಗಾಡಿಯ ಕೆಳಗೆ ತೂರಿದ. ಪೈಪಿನ ಬಾಯಿ ಸರಿಯಾಗಿ ಕ್ಲಚ್ಚಿನ ಕಬ್ಬಿಣದ ಹೊದಿಕೆಯ ಮೇಲಿತ್ತು. ಹೊದಿಕೆಯ ಪಕ್ಕದ ಕಿಂಡಿಗೆ ಒಂದು ರಬ್ಬರ್ ಮುಚ್ಚಳ ಇರಬೇಕಿತ್ತು. ಪ್ಲೇಟು ಬದಲಿಸಿದ ಮೇಲೆ ಮೇಸ್ತ್ರಿ ಅದನ್ನು ವಾಪಸು ಹಾಕಿರಲೇ ಇಲ್ಲ. ತಾರ್ಲೆಯ ಎಣ್ಣೆ ತುಂಬಿದ ನೀರು ದಿನವೂ ಆ ಕಿಂಡಿಯಿಂದ ಒಳಗೆ ಹೋಗಿ, ಘಟ್ಟದಲ್ಲಿ ಪ್ಲೇಟನ್ನು ಜಾರಿಸಿ, ಮೇಲೆ ಮುಟ್ಟುವಷ್ಟರಲ್ಲಿ ಬಿಸಿಗೆ ಸುಟ್ಟು ಒಣಗುತ್ತಿತ್ತು. ಗ್ಯಾರೇಜಿಗೆ ಹೋಗುತ್ತಿದ್ದದ್ದು ಒಣಗಿದ ಗಾಡಿ.

ಭಾನುವಾರ ಗ್ಯಾರೇಜಿನಲ್ಲಿ ಹೊದಿಕೆ ಬಿಚ್ಚಿಸಿದೆ. ಕೊಳೆತ ಮೀನಿನ ವಾಸನೆಗೆ ಮೇಸ್ತ್ರಿಯೇ ಮೂಗು ಮುಚ್ಚಿಕೊಂಡ.

"ಮೂಗು ಎಂತಕ್ಕೆ ಮುಚ್ತ್ರಿ? ಮೂಸಿ ನೋಡಿ, ನಮ್ಮಪ್ಪನ ಕಾಲಿನ ವಾಸನೆ ಹೌದಾ ಅಲ್ವಾ ಅಂತ."

"ಜೋರು ಮಾಡ್ಬೇಡ ತಂಗಿ. ಪೈಪ್ ತಿರುಗಿಸು ಅಂದಿದ್ದು ನಿಮ್ಮಪ್ಪನೇ."

"ಮುಚ್ಚಳ ತೆಗೆದಿಡು ಅಂದಿದ್ದೂ ನಮ್ಮಪ್ಪನೇ?"

ಮೇಸ್ತ್ರಿ ಹಿಂದೆ ತಿರುಗಿ ನೋಡಿದ. ಮುಚ್ಚಳ ಅವನ ಬೆಂಚಿನ ಮೇಲೆ, ಬೋಲ್ಟುಗಳ ಡಬ್ಬಿಯಲ್ಲೇ ಇತ್ತು. ಮತ್ತೆ ಹೊಸ ಪ್ಲೇಟು ಹಾಕಿಸಿ, ಮುಚ್ಚಳ ಕೂರಿಸಿ, ನೀರಿನ ಪೈಪು ಮತ್ತು ತಂತಿ ಎರಡನ್ನೂ ಕಿತ್ತುಹಾಕಿದೆವು.

ಮನೆಗೆ ಬಂದು ನಾನು, "ಈಗ್ಲೇ ಸಾಹುಕಾರ್ರಿಗೆ ಹೇಳು," ಎಂದೆ. ಅಪ್ಪ ಒಪ್ಪಲಿಲ್ಲ. "ಎಂತ ಹೇಳೂದು? ರಸ್ತೆ ಮೇಲೆ ಮೀನಿನ ನೀರು ಬಿಡ್ತಿದ್ದೆ ಅಂತನಾ? ಅದಕ್ಕಿಂತ ಕಾಲು ಹೋಯ್ತು ಅನ್ನೂದೇ ಮರ್ಯಾದೆ." ನಾನು ತಟ್ಟೆಯನ್ನು ನೂಕಿ ಎದ್ದೆ. ಕಾಲು ಹೋಯಿತೆಂದು ಒಪ್ಪಿಕೊಂಡರೆ ಸ್ಟೇರಿಂಗೂ ಹೋಯಿತು ಎನ್ನುವುದು ಇವನಿಗೆ ಯಾಕೆ ಹೊಳೆಯುವುದಿಲ್ಲ?

ಸೋಮವಾರ ಭಟ್ಕಳದ ಬಂದರಿನಲ್ಲಿ ಕೊನೆಯ ಪೆಟ್ಟಿಗೆ ಏರಿತು. ಅಪ್ಪ ಹಗ್ಗ ಬಿಗಿದು ಮುಂದೆ ಬರುವಷ್ಟರಲ್ಲಿ ಚಿಕ್ಕಪ್ಪ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡುತ್ತಿದ್ದ.

"ಇಳಿ ತಮಾ," ಎಂದ ಅಪ್ಪ.

"ಸಾಹುಕಾರ್ರು ಹೇಳಿದ್ದಲ್ದಾ ಅಣ್ಣಾ. ನಂಗೆ ಎಂತ ಆಸೆ?"

ಸಾಹುಕಾರರು ತೂಕದ ಯಂತ್ರದ ಹತ್ತಿರ ನಿಂತು ನೋಡುತ್ತಿದ್ದರು. ಪೆಟ್ಟಿಗೆ ಹೊರುವವರು ಏಳೆಂಟು ಜನ, ಬೇರೆ ಗಾಡಿಗಳ ಡ್ರೈವರುಗಳು ಇಬ್ಬರು ಅಲ್ಲೇ ಇದ್ದರು. ಅಪ್ಪ ಅವರೆಲ್ಲರಿಗೂ ಕೇಳುವಂತೆ ಹೇಳಿದ: "ಸಾಹುಕಾರ್ರೆ, ನನ್ನ ಕಾಲಿಗೆ ಎಂತದೂ ಆಗ್ಲಿಲ್ಲ. ಕತಗಾಲದ ಆಚೆ ನಾನು ಮೀನಿನ ನೀರು ಬಿಡ್ತಿದ್ದೆ. ಅದು ಕ್ಲಚ್ಚಿಗೆ ಹೋಗಿ ಜಾರ್ತಿತ್ತು. ತಪ್ಪು ಮಾಡಿದ್ದು ನಾನು. ಇವತ್ತಿಂದ ಬಿಡೂದಿಲ್ಲ."

ಇಬ್ಬರು ಡ್ರೈವರುಗಳೂ ತಕ್ಷಣ ಬೇರೆ ಕಡೆ ನೋಡಿದರು. ಅವರ ಸೀಟಿನ ಕೆಳಗೂ ತಂತಿ ಇತ್ತು.

"ನಾಲ್ಕರೊಳಗೆ ಮುಟ್ಸು. ಆಮೇಲೆ ನೋಡುವಾ," ಎಂದರು ಸಾಹುಕಾರರು. ಚಿಕ್ಕಪ್ಪ ಕೆಳಗಿಳಿದು, ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದ.

ಟ್ಯಾಂಕು ತುಂಬಿಕೊಂಡೇ ಘಟ್ಟ ಹತ್ತಿದೆವು. ಮೂರನೇ ಗೇರಿನಲ್ಲಿ ಎರಡು ಮುಳ್ಳುಗಳೂ ಒಟ್ಟಿಗೆ ಏರಿದವು. ಶಿರಸಿ ಪೇಟೆ ಮುಟ್ಟಿದಾಗ ಮೂರು ನಲವತ್ತು. ಅಪ್ಪ ನಲ್ಲಿಯನ್ನು ಕೈಯಲ್ಲೇ ತಿರುಗಿಸಿ ಟ್ಯಾಂಕನ್ನು ಗುಂಡಿಗೆ ಖಾಲಿ ಮಾಡಿ, ಕೈ ತೊಳೆದು, ತಾನೇ ಸಾಹುಕಾರರಿಗೆ ಫೋನು ಮಾಡಿದ. ನಾಳೆಯ ಲೋಡು ಎಷ್ಟು ಗಂಟೆಗೆ ಎಂದು ಕೇಳಿದ. ಹನ್ನೊಂದೂವರೆ ಎಂದು ಉತ್ತರ ಬಂತು.