ಸಿರುಗುಪ್ಪದ ರೈಲು

ಬಿಸಿಲು ಎಡಗಡೆಯ ಕಿಟಕಿಯಿಂದ ಬರುತ್ತಿತ್ತು. ಕಿಟಕಿ ಸರಳುಗಳ ನೆರಳು ಬೋಗಿಯ ಹಸಿರು ಸೀಟಿನ ಮೇಲೆ ಬಿದ್ದು, ಗಾಡಿ ಅಲುಗಿದಂತೆ ಅಲುಗುತ್ತಿತ್ತು. ಆ ನೆರಳನ್ನು ಅಲುಗಿಸಲು ನನಗೆ ಬಹಳ ದಿನ ಹಿಡಿದಿತ್ತು. ಅವ್ವ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಇದು ಸಂಜಿ ಗಾಡಿ ಏನು?"

"ಅಲ್ಲ, ಮುಂಜಾನಿದು."

"ಮುಂಜಾನಿ ಸಿರುಗುಪ್ಪಕ್ಕ ಹೋಗುವಾಗ ಬಿಸಿಲು ಬಲಕ್ಕ ಬರ್ತೈತಿ. ಬಲಗಡಿ ಕುಂತ ಹೆಣ್ಮಕ್ಕಳು ಮುಖಕ್ಕ ಸೆರಗು ಹಿಡಕೊಂಡಿರ್ತಾರ, ನೋಡಿಲ್ಲೇನು?"

ನೋಡಿದ್ದೆ, ಬಸ್ಸಿನಲ್ಲಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ರೈಲು ಇರಲಿಲ್ಲ. ಆಗಬೇಕು ಎಂದು ಊರವರು ಕೇಳುತ್ತಲೇ ಇದ್ದರು, ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಅದೊಂದು ಸವೆದ ಮಾತು. ರೈಲು ಓಡುತ್ತಿದ್ದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ.

ವಿಶ್ವವಿದ್ಯಾಲಯದಲ್ಲಿ ಗಣಿತ ಓದುವಾಗ ಹಾಸ್ಟೆಲಿನ ಪಕ್ಕದ ಕೋಣೆಯವಳು ನನಗೆ ಒಂದು ಸಿ.ಡಿ. ಕೊಟ್ಟಿದ್ದಳು. ರೈಲು ಓಡಿಸುವ ಆಟ ಅದು. ಜೊತೆಗೆ ನಮ್ಮದೇ ನೆಲ ಹರವಿ, ಗುಡ್ಡ ಎಬ್ಬಿಸಿ, ಹಳಿ ಹಾಕಿಕೊಳ್ಳುವ ಅನುಕೂಲವೂ ಇತ್ತು. ಹೊರದೇಶಗಳಲ್ಲಿ ಮೇಜಿನ ಮೇಲೆ ರಟ್ಟು, ಅಂಟು, ಬಣ್ಣ ಇಟ್ಟುಕೊಂಡು ಮಾದರಿ ರೈಲು ಕಟ್ಟುತ್ತಾರಂತೆ. ನನಗೆ ಅಂಥ ಮೇಜೂ ಇರಲಿಲ್ಲ, ಯಾರಾದರೂ ಬಂದು ನೋಡಿ ಮಾತಾಡುವುದೂ ಬೇಕಿರಲಿಲ್ಲ. ಪರದೆ ಆರಿಸಿದರೆ ಎಲ್ಲ ಮುಚ್ಚಿಹೋಗುತ್ತದೆ. ಅದು ನನಗೆ ಹಿತವಾಗಿತ್ತು.

ಓದು ಮುಗಿಸಿ ಬಳ್ಳಾರಿಗೆ ಬಂದು ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ. ಆಗ ಊರಿಡೀ ಅದಿರಿನದೇ ಮಾತು. ಒಗೆದ ಬಟ್ಟೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ಕಂಪ್ಯೂಟರಿನ ಫ್ಯಾನಿನಿಂದಲೂ ಕೆಂಪು ಧೂಳು ತೆಗೆಯಬೇಕಾಗುತ್ತಿತ್ತು. ಊರ ಹೊರಗಿನ ರಸ್ತೆಗಳ ಮೇಲೆ ಟಾರ್ಪಾಲು ಹೊದ್ದ ಲಾರಿಗಳ ಸಾಲು ಮುರಿಯುತ್ತಲೇ ಇರಲಿಲ್ಲ. ಅಂಥ ಒಂದು ಲಾರಿ ಬೈಪಾಸಿನಲ್ಲಿ ಅಪ್ಪನ ಸ್ಕೂಟರಿಗೆ ಹೊಡೆಯಿತು. ಹಿಂದೆ ಕೂತಿದ್ದವಳು ಅವ್ವ. ಅವಳಿಗೆ ಮೊಣಕೈ ತರಚಿತ್ತು, ಅಷ್ಟೇ. ಅಪ್ಪ ಅಲ್ಲಿಯೇ ಹೋದ.

ಅದರ ನಂತರ ಅವ್ವ ಕಂಟೋನ್ಮೆಂಟಿನ ನಮ್ಮ ಓಣಿ ಬಿಟ್ಟು ಆಚೆ ಹೋಗಲಿಲ್ಲ. ಕಿರಾಣಿ ಅಂಗಡಿ, ನೀರಿನ ಟ್ಯಾಂಕು, ಅಲ್ಲಿಂದ ವಾಪಸ್ಸು. ನಾನೂ ಒತ್ತಾಯ ಮಾಡಲಿಲ್ಲ. ಆದರೆ ಆ ವರ್ಷ ಸಿರುಗುಪ್ಪದಲ್ಲಿ ಅಜ್ಜಿ, ಅಂದರೆ ಅವ್ವನ ತಾಯಿ, ಹಾಸಿಗೆ ಹಿಡಿದಳು. ದಿನವೂ ಮಗಳನ್ನು ಕೇಳುತ್ತಿದ್ದಳು. ಸೋದರಮಾವ ಫೋನು ಮಾಡಿ, "ಅಕ್ಕಾ, ಒಂದ್ಸಲ ಬಂದು ಮುಖ ತೋರ್ಸಿ ಹೋಗು, ಆಕಿ ಹೆಚ್ಚು ದಿನ ಇರಂಗಿಲ್ಲ" ಎನ್ನುತ್ತಿದ್ದ. ಅವ್ವ, "ನಾಡಿದ್ದು ಬರ್ತೀನಪ್ಪಾ" ಎನ್ನುತ್ತಿದ್ದಳು.

ಒಮ್ಮೆ ಬಾಡಿಗೆ ಕಾರು ತರಿಸಿದೆ. ಅವ್ವ ಹತ್ತಿ ಕೂತಳು, ಓಣಿಯ ತುದಿಗೆ ಬರುವಷ್ಟರಲ್ಲಿ ಬಾಗಿಲು ತೆಗೆದು ಇಳಿದಳು. ಇನ್ನೊಮ್ಮೆ ಕೈ ಹಿಡಿದು ಬಸ್ ನಿಲ್ದಾಣದ ಕಡೆ ನಡೆಸಿಕೊಂಡು ಹೋದೆ. ದೊಡ್ಡ ರಸ್ತೆಯಲ್ಲಿ ಲಾರಿಗಳನ್ನು ಕಂಡ ಕೂಡಲೇ ಅವಳು ಫುಟ್‌ಪಾತಿನ ಮೇಲೆ ಕೂತುಬಿಟ್ಟಳು, ಸೀರೆ ಮಣ್ಣಾದದ್ದೂ ಗೊತ್ತಾಗಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ನುಂಗಿದರೆ ನಿದ್ದೆ ಬರುತ್ತಿತ್ತು. ನಿದ್ದೆಯಲ್ಲಿ ಸಿರುಗುಪ್ಪ ಬರುತ್ತಿರಲಿಲ್ಲ.

ಸಿರುಗುಪ್ಪದ ಹಳಿಯನ್ನು ನಾನು ಹಾಕತೊಡಗಿದ್ದು ನನಗಾಗಿ. ಕಾಲೇಜಿನಿಂದ ಬಂದು, ಕೈಕಾಲು ತೊಳೆದು, ಲಾರಿ ಇಲ್ಲದ ಒಂದು ಹಾದಿ ಕಟ್ಟುತ್ತಿದ್ದೆ. ಬಳ್ಳಾರಿ ಬಿಟ್ಟ ಗಾಡಿ ಕುರುಗೋಡಿನ ಕಡೆ ಒಂದು ಸುತ್ತು ಹಾಕುತ್ತಿತ್ತು, ಅಲ್ಲಿಯ ಬಂಡೆಗುಡ್ಡ ನನಗೆ ಇಷ್ಟವೆಂದು. ಆಮೇಲೆ ಕಾಲುವೆ, ಭತ್ತದ ಗದ್ದೆ. ಸಿರುಗುಪ್ಪದ ಸ್ಟೇಷನ್ನನ್ನು ಒಂದು ಅಕ್ಕಿ ಗಿರಣಿಯ ಹಿಂದೆ ಇಟ್ಟಿದ್ದೆ. ಗಾಡಿ ಓಡುವುದನ್ನು ವಿಡಿಯೊ ಮಾಡಿ, ಇಂಟರ್ನೆಟ್ ಸೆಂಟರಿಗೆ ಒಯ್ದು ಹೆಸರು ಹಾಕದೆ ಏರಿಸುತ್ತಿದ್ದೆ. ಎಲ್ಲೋ ದೂರದ ಯಾರೋ ಬಂಡೆಗಳು ಚೆನ್ನಾಗಿವೆ ಎಂದು ಬರೆದರು. ಅಲ್ಲಿಗೆ ಸಾಕಿತ್ತು.

ಒಂದು ಭಾನುವಾರ ಅವ್ವ ಕಸ ಹೊಡೆಯುತ್ತಾ ಬಂದವಳು ಪರದೆಯ ಮುಂದೆ ನಿಂತಳು. "ಲೇ, ಇದು ಕುರುಗೋಡ ಗುಡ್ಡ ಅಲ್ಲೇನ?" ಕಸಬರಿಗೆ ಕೈಯಲ್ಲೇ ಇತ್ತು. ಕೂತಳು. ಮುಂದಿನದೆಲ್ಲ ಅಲ್ಲಿಂದ ಶುರುವಾಯಿತು. ಬೋಗಿಯ ಒಳಗಿಂದ, ಕಿಟಕಿ ಪಕ್ಕ ಕೂತವರಿಗೆ ಕಂಡಂತೆ ಹೊಸ ವಿಡಿಯೊ ಮಾಡಿದೆ. ಅವಳು ಹೇಳಿದಂತೆ ಬಿಸಿಲನ್ನು ಬಲಕ್ಕೆ ತಿರುಗಿಸಿದೆ. ಕಾಲುವೆಯ ಪಕ್ಕ ಜಾಲಿ ಇರಬೇಕು ಎಂದಳು, ಜಾಲಿ ನೆಟ್ಟೆ. ನೀರು ಇಷ್ಟು ನೀಲಿ ಇರುವುದಿಲ್ಲ ಎಂದಳು, ಕೆಸರು ಬೆರೆಸಿದೆ.

ಹೀಗೆ ನೋಡುತ್ತಾ ನೋಡುತ್ತಾ ಹಾದಿಯ ಹೆದರಿಕೆ ಸಡಿಲವಾಗುತ್ತದೆ, ಒಂದು ದಿನ ಎದ್ದು ನಡೆ ಎನ್ನುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಲಕ್ಷಣಗಳೂ ಹಾಗೇ ಇದ್ದವು. ದಿನಾ ಸಂಜೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದು ಕೂರುತ್ತಿದ್ದಳು. ಗಾಡಿ ಅಕ್ಕಿ ಗಿರಣಿಯ ಹಿಂದೆ ನಿಂತಾಗ "ಬಂದ್ವಿ" ಎಂದು ಎದ್ದು, ಅಡುಗೆಮನೆಗೆ ಹೋಗಿ ಹಿಟ್ಟು ನಾದುತ್ತಿದ್ದಳು. ಅವಳ ಮುಖ ಹಗುರವಾಗಿರುತ್ತಿತ್ತು.

ಆ ಹಗುರದ ಅರ್ಥ ನನಗೆ ತಡವಾಗಿ ಆಯಿತು. ಅವಳು ಅಜ್ಜಿಗಾಗಿ ಅಳುವುದು ನಿಂತಿತ್ತು. ಮಾವನ ಫೋನು ಬಂದರೆ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದಳು. ದಿನಾ ಸಿರುಗುಪ್ಪಕ್ಕೆ ಹೋಗಿ ಬರುತ್ತಿದ್ದವಳಿಗೆ ಇನ್ನೊಮ್ಮೆ ಹೋಗುವ ಅಗತ್ಯವೇನಿತ್ತು. ಅಜ್ಜಿಯೋ, ಮಾವ ಹೇಳುವಂತೆ, ಹಾಸಿಗೆಯಲ್ಲಿ ಕರಗುತ್ತಿದ್ದಳು. ನಾನು ಮಗಳನ್ನು ತಾಯಿಯ ಹತ್ತಿರ ಒಯ್ಯುವ ಹಾದಿ ಹಾಕಲು ಹೋಗಿ, ಹೋಗದೇ ಇರುವ ಹಾದಿ ಹಾಕಿಕೊಟ್ಟಿದ್ದೆ.

ಗಾಬರಿಯಾಗಿ ವಿಡಿಯೊವನ್ನು ಅರ್ಧಕ್ಕೆ ಕತ್ತರಿಸಿದೆ. ಗಾಡಿ ಕುರುಗೋಡಿನಲ್ಲಿ ನಿಂತು ಮುಂದೆ ಹೋಗುವುದಿಲ್ಲ. ಊರು ಮುಟ್ಟದಿದ್ದರೆ ತಳಮಳವಾದೀತು, ಆ ತಳಮಳವೇ ಅವಳನ್ನು ಹೊರಗೆ ಎಳೆದೀತು ಎಂದುಕೊಂಡೆ.

"ಯಾಕ ನಿಂತೈತಿ?"

"ಕ್ರಾಸಿಂಗ್ ಐತಿ. ಎದುರು ಗಾಡಿ ಬರಬೇಕು."

"ಆಗ್ಲಿ ಬಿಡು. ಗಾಡಿ ಅಂದಮ್ಯಾಲೆ ನಿಲ್ಲೋದ."

ಮಡಿಲಲ್ಲಿ ಕೈ ಇಟ್ಟುಕೊಂಡು ಕಾದಳು. ಮರುದಿನವೂ ಕಾದಳು. ಅದರ ಮರುದಿನ ಅವರೆಕಾಯಿ ತಂದುಕೊಂಡು ಬಿಡಿಸುತ್ತಾ ಕಾದಳು. ಎದುರು ಬರಬೇಕಾದ ಗಾಡಿಯನ್ನು ನಾನು ಮಾಡಿರಲೇ ಇಲ್ಲ. ಕುರುಗೋಡಿನ ಗುಡ್ಡ ಪರದೆಯ ಮೇಲೆ ಕದಲದೆ ನಿಂತಿತ್ತು, ಅವ್ವ ಅದರ ಮುಂದೆ ಅಷ್ಟೇ ಸಮಾಧಾನವಾಗಿ ಕೂತಿದ್ದಳು. ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಅಪ್ಪ ಹೋದಾಗಲೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ. ಆಗ ಮಾಡಲು ಏನೂ ಉಳಿದಿರಲಿಲ್ಲ. ಈಗ ಉಳಿದಿದ್ದದ್ದನ್ನು ನಾನೇ ಕೆಡಿಸಿದ್ದೆ.

ಆ ವಾರ ಮಾವ ಫೋನನ್ನು ಅಜ್ಜಿಯ ಕಿವಿಗೆ ಹಿಡಿದ. ಅಜ್ಜಿಯ ಮಾತು ನನಗೆ ಕೇಳಿಸಲಿಲ್ಲ. ಅವ್ವನದು ಕೇಳಿಸಿತು, ಸ್ಪಷ್ಟವಾಗಿ, ಸಂತೆಗೆ ಹೊರಟವಳಂತೆ. "ಹೂನವ್ವಾ. ನಾಳಿ ರೈಲಿಗೆ ಬರ್ತೀನಿ."

ಫೋನು ಕಸಿದುಕೊಳ್ಳಬೇಕಿತ್ತು. ಕಸಿದುಕೊಂಡು ಯಾರಿಗೆ ಏನು ಹೇಳಲಿ ಎಂದು ಬಾಗಿಲಲ್ಲೇ ನಿಂತೆ. ಹಾಸಿಗೆ ಹಿಡಿದ ಮುದುಕಿ, ಸಿರುಗುಪ್ಪಕ್ಕೆ ರೈಲೇ ಇಲ್ಲ ಎಂಬುದು ಅವಳಿಗೂ ಗೊತ್ತು, ಮಗಳು ಏನೋ ಅಂದಳು ಎಂದುಕೊಂಡು ಸುಮ್ಮನಾಗುತ್ತಾಳೆ ಎಂದುಕೊಂಡೆ.

ಮರುದಿನ ಇಳಿಹೊತ್ತಿನಲ್ಲಿ ಮಾವನ ಫೋನು ಬಂತು. ಹಿಂದೆ ಗದ್ದಲ, ಯಾರೋ ತೆಲುಗಿನಲ್ಲಿ ಕಡಲೆಕಾಯಿ ಮಾರುತ್ತಿದ್ದರು.

"ಲೇ ಹುಡುಗಿ, ಎಲ್ಲದೀರಿ ನೀವು?"

"ಮನ್ಯಾಗ, ಮಾಮಾ."

"ಮನ್ಯಾಗ? ಚಲೋ ಆತು. ನಾ ಇಲ್ಲಿ ಆದವಾನಿ ಸ್ಟೇಷನ್ನಾಗ ಮುಂಜಾನಿಂದ ನಿಂತೀನಿ. ಬಂದ ಗಾಡಿಗೆಲ್ಲಾ ಹಣಿಕಿ ಹಾಕಿ ನೋಡಾಕತ್ತೀನಿ. ಪೊಲೀಸಪ್ಪ ನನ್ನ ಕಳ್ಳ ಅನ್ಕೊಂಡಾನ."

ಆದವಾನಿ ಗಡಿಯ ಆಚೆ, ಆಂಧ್ರದಲ್ಲಿ. ನನಗೆ ತಲೆಬುಡ ತಿಳಿಯಲಿಲ್ಲ. "ಆದವಾನಿಗ್ಯಾಕ ಹೋದಿ?"

"ಯಾಕ ಅಂತೀಯಲ್ಲ. ಅಕ್ಕ ರೈಲಿಗೆ ಬರ್ತೀನಿ ಅಂದಾಳ. ಸಿರುಗುಪ್ಪಕ್ಕ ರೈಲಿಗೆ ಬರೋರು ಆದವಾನಿಗಲ್ಲದ ಎಲ್ಲಿ ಇಳೀತಾರ, ಅಕ್ಕಿ ಗಿರಣಿ ಹಿತ್ತಲದಾಗ ಇಳೀತಾರೇನು?"

ಅವನು ನನ್ನ ವಿಡಿಯೊ ನೋಡಿದವನಲ್ಲ. ಬೈಯುವಾಗ ಬಾಯಿಗೆ ಬಂದದ್ದನ್ನು ಅಂದಿದ್ದ, ಅಷ್ಟೇ.

ಆಮೇಲೆ ಬಿಡಿಸಿ ಹೇಳಿದ. ಅಜ್ಜಿಯ ತವರು ಗುಂತಕಲ್ಲಿನ ಕಡೆಯದು. ಮದುವೆಯಾಗಿ ಬಂದಾಗ ಆದವಾನಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಂಡಿ ಕಟ್ಟಿಸಿಕೊಂಡು ಸಿರುಗುಪ್ಪ ಸೇರಿದ್ದಳು. ಆ ಕಾಲದವರಿಗೆ ರೈಲಿಗೆ ಬರುವುದೆಂದರೆ ಆದವಾನಿಗೆ ಬರುವುದು, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಕ್ಕೇ ಅಜ್ಜಿ ಬೆಳಿಗ್ಗೆ ಮಗನನ್ನು ಎಬ್ಬಿಸಿ ಆಟೊ ಮಾಡಿಸಿ ಕಳಿಸಿದ್ದಳು.

"ಮುಂಜಾನಿಂದ ಗಂಜಿ ಮುಟ್ಟಿಲ್ಲ. ಮಗಳು ಬರ್ಲಿ, ಕೂಡಿ ಉಣ್ತೀನಿ ಅಂತಾಳ. ಈಗ ನಾ ಹೋಗಿ ಏನಂತ ಹೇಳ್ಲಿ? ನೀ ಓದಿದಾಕಿ, ನೀನ ಹೇಳು."

ಫೋನು ಇಟ್ಟು ಬಂದೆ. ಅವ್ವ ಸೀರೆ ಬದಲಿಸಿ ಕಂಪ್ಯೂಟರಿನ ಮುಂದೆ ಕೂತಿದ್ದಳು, ಕ್ರಾಸಿಂಗಿಗೆ ಕಾಯುತ್ತಾ.

"ಅವ್ವಾ, ಮಾಮ ನಿನ್ನ ಕರಕೊಳ್ಳಾಕ ಆದವಾನಿ ಸ್ಟೇಷನ್ನಿಗೆ ಬಂದಾನ. ಮುಂಜಾನಿಂದ ಕಾಯಾಕತ್ಯಾನ."

"ಖರೇ ಬಂದಾನ?"

"ಹೂಂ. ಅಜ್ಜಿ ಉಂಡಿಲ್ಲಂತ. ನೀ ಬಂದಮ್ಯಾಲೆ ಉಣ್ತಾಳಂತ."

ಅವ್ವ ಪರದೆಯನ್ನೇ ನೋಡುತ್ತಿದ್ದಳು. "ಹಂಗಾರ ನಾ ಇಳೀಲಿಲ್ಲ" ಎಂದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ಕಂಡು ತಿಂಗಳುಗಳೇ ಆಗಿದ್ದವು. ನನಗೆ ಸಮಾಧಾನವಾಯಿತು ಎಂದರೆ ಸುಳ್ಳು. ಹೆದರಿಕೆಯೇ ಹೆಚ್ಚಾಯಿತು.

ಹಳಿ ಹಾಕಲು ತಂದಿದ್ದ ಜಿಲ್ಲೆಯ ನಕ್ಷೆ ಗೋಡೆಯ ಮೇಲಿತ್ತು. ಬಳ್ಳಾರಿಯಿಂದ ಪೂರ್ವಕ್ಕೆ ಗುಂತಕಲ್, ಅಲ್ಲಿಂದ ಗಾಡಿ ಬದಲಿಸಿ ಉತ್ತರಕ್ಕೆ ಆದವಾನಿ. ಬಸ್ಸಿನಲ್ಲಿ ಊಟದ ಹೊತ್ತಿಗೆ ಮುಗಿಯುವ ಪ್ರಯಾಣಕ್ಕೆ ಇಡೀ ದಿನದ ಸುತ್ತು. ಅಂಥ ಸುತ್ತು ಹಾಕಿ ಯಾರೂ ಹೋಗುವುದಿಲ್ಲ.

"ಅವ್ವಾ, ಕಂಟೋನ್ಮೆಂಟ್ ಸ್ಟೇಷನ್ನಿಗೆ ನಡಕೊಂಡು ಹೋಗಬಹುದು. ಲಾರಿ ರಸ್ತಿ ದಾಟೋದು ಬರಂಗಿಲ್ಲ."

"ಆದವಾನಿಂದ ಮುಂದ?"

"ಮಾಮ ಬರ್ತಾನ."

"ರಸ್ತಿ ಐತಲ್ಲ."

"ಐತಿ. ಅದಿರಿನ ಲಾರಿ ಆ ಕಡಿ ಹೋಗಂಗಿಲ್ಲ ಅನ್ಕೊಂಡೀನಿ. ಖಾತ್ರಿ ಇಲ್ಲ."

ಅವಳು ಕಣ್ಣು ಒರೆಸಿಕೊಂಡಳು. "ಒಂದ್ಸಲ ಹಾಕು, ಆ ಹಾದಿ ನೋಡ್ತೀನಿ."

"ಆ ಹಾದಿ ನಾ ಮಾಡಿಲ್ಲ."

"ಮಾಡು. ಎಷ್ಟು ದಿನ ಆಗ್ತೈತಿ?"

ಮಾಡಬಲ್ಲೆ ಎಂಬುದೇ ಕಷ್ಟವಾಗಿತ್ತು. ಗುಂತಕಲ್ಲಿನ ಕರಿಮಣ್ಣು, ಬೇವಿನ ಮರ, ಆದವಾನಿಯ ಬೆಟ್ಟ, ಎಲ್ಲ ಆಗಲೇ ನನ್ನ ಕೈಯೊಳಗೆ ಬಂದಾಗಿತ್ತು. ಅವಳು ಕೇಳಿದ್ದನ್ನು ಕೊಡುವುದು ನನಗೆ ಅಭ್ಯಾಸವಾಗಿತ್ತು.

"ಮಾಡಂಗಿಲ್ಲ" ಎಂದೆ.

"ಹಂಗಾರ ನನ್ನ ಕೊಲ್ಲು" ಎಂದಳು, ದನಿ ಏರಿಸದೆ. ಕಂಪ್ಯೂಟರ್ ಆರಿಸದೆಯೇ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಡುಗೆ ಆಗಲಿಲ್ಲ. ಕತ್ತಲಾಗುವ ಮೊದಲು ಮಾವ ಸಿರುಗುಪ್ಪ ಮುಟ್ಟಿ ಫೋನು ಮಾಡಿದ. ಈ ಸಲ ಬೈಯಲಿಲ್ಲ. "ಗಾಡಿ ತಪ್ಪಿತಂತ, ನಾಳಿ ಬರ್ತಾಳಂತ ಅಂದೀನಿ. ಒಂದು ಗುಟುಕು ನೀರು ಕುಡಿದ್ಲು. ಇನ್ನೊಂದು ಸುಳ್ಳು ಹೇಳಾಕ ನನ್ನ ಕೈಲಿ ಆಗಂಗಿಲ್ಲವ್ವಾ" ಎಂದ. ಆ ಮಾತನ್ನು ಅವ್ವನ ಬೆನ್ನಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ನಾನು ಎರಡು ಚೀಲ ಕಟ್ಟಿದೆ. ಅವ್ವ ನೋಡುತ್ತಿದ್ದಳು, ಬೇಡ ಎನ್ನಲಿಲ್ಲ, ಚಪ್ಪಲಿಯನ್ನೂ ತಾನಾಗಿ ಹಾಕಿಕೊಳ್ಳಲಿಲ್ಲ. ನಾನೇ ತಂದು ಕಾಲ ಹತ್ತಿರ ಇಟ್ಟೆ. ಓಣಿಯ ತುದಿಯಲ್ಲಿ ಅವಳು ನಿಂತಾಗ ನಾನೂ ನಿಂತೆ, ಅವಳು ನಡೆದಾಗ ನಡೆದೆ. ಕಂಟೋನ್ಮೆಂಟ್ ಸ್ಟೇಷನ್ನಿನ ಕಿಂಡಿಯಲ್ಲಿ ಆದವಾನಿಗೆ ಎರಡು ಟಿಕೆಟ್ ಕೇಳಿದೆ. ಅಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಟಿಕೆಟ್ ಕೊಡುವವರು ಕೇಳಿದರು, ಸಿರುಗುಪ್ಪಕ್ಕೆ ಎಂದೆ. "ಹಿಂಗ್ಯಾಕ ಹೊಂಟ್ರಿ, ಬಸ್ಸಿಗೆ ಹೋಗ್ರಲ್ಲ" ಎನ್ನುತ್ತಲೇ ಟಿಕೆಟ್ ಕೊಟ್ಟರು. ಮಾವನಿಗೆ ಫೋನು ಮಾಡಿ, ಆದವಾನಿಗೆ ಬಾ ಎಂದಷ್ಟೇ ಹೇಳಿದೆ. ಅಜ್ಜಿ ಹೇಗಿದ್ದಾಳೆ ಎಂದು ಕೇಳಲಿಲ್ಲ, ಪಕ್ಕದಲ್ಲಿ ಅವ್ವ ಇದ್ದಳು. ಪ್ಯಾಸೆಂಜರ್ ಬಂದು ನಿಂತಿತು. ಅವ್ವ ಕಂಬಿ ಹಿಡಿದು ನಿಂತಳು, ಕಾಲು ಎತ್ತಲಿಲ್ಲ. ನಾನು ಮೊದಲು ಹತ್ತಿ ಎರಡೂ ಚೀಲಗಳನ್ನು ಸೀಟಿನ ಮೇಲೆ ಇಟ್ಟೆ. ಮತ್ತೆ ಕೆಳಗೆ ಇಳಿದು, ಅವಳು ಹಿಂದಕ್ಕೆ ತಿರುಗಲು ಜಾಗವಿಲ್ಲದಂತೆ ಅವಳ ಬೆನ್ನಿಗೆ ಒತ್ತಿ ನಿಂತೆ, ಅವಳು ಹತ್ತುವ ತನಕ.