ಮಗಳನ್ನು ಬದುಕಿಸಿಕೊಳ್ಳಲು ಲೀಡ್ಸ್‌ಗೆ ಹೋದದ್ದು

ಬರ್ಮಿಂಗ್‌ಹ್ಯಾಮಿನಲ್ಲಿ ಬೆಳಿಗ್ಗೆ ಕೋಚು ಬಸ್ಸು ಹತ್ತಿದಾಗ ಜಡಿಮಳೆ. ಲೀಡ್ಸ್‌ಗೆ ಮೂರು ಗಂಟೆ ದಾರಿ, ಹೋಗಿಬರಲು ಹದಿನೈದು ಪೌಂಡ್. ಜೊತೆಗೆ ಯೋಗಮ್ಮ, ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯಲ್ಲಿ ನನ್ನ ಮಗಳ ಪಕ್ಕದ ಮನೆಯವರು. ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಮಿಳರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಆದರೆ ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ, ತಮಿಳರ ನಡುವೆ. ತಮಿಳು ಓದಲು ಬಾರದು, ಮಾತು ಮಾತ್ರ ಬಾಯಿ ತುಂಬ ಬರುತ್ತದೆ. ನಮ್ಮಿಬ್ಬರ ಮಾತೆಲ್ಲ ತಮಿಳಿನಲ್ಲೇ.

ಹೊರಟ ಕಾರಣ ಹೇಳಬೇಕು. ಮಗಳು ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಅವಳು ಕೆಲಸಕ್ಕೆ ಮರಳಿದ ಮೇಲೆ ಮಗು ನೋಡಿಕೊಳ್ಳಲು ಬಂದವಳು ನಾನು. ನನ್ನ ಮೊಮ್ಮಗ! ಏನು ಹೇಳಲಿ, ಅವನ ಕಾಲ್ಬೆರಳು ನೋಡುತ್ತ ಕೂತರೆ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ಪೊಂಗಲ್ ಹಬ್ಬಕ್ಕೆ ಯೋಗಮ್ಮ ನನ್ನನ್ನೂ ಮಗುವನ್ನೂ ಅವರ ಜನ ಸೇರುವ ಸಭಾಂಗಣಕ್ಕೆ ಕರೆದೊಯ್ದಿದ್ದರು. ಹಿಂದಿನ ದಿನ ಸೂಜಿ ಹಾಕಿಸಿಕೊಂಡಿದ್ದ ಮಗು ಕಿರುಚಿ ಅಳುತ್ತಿತ್ತು. ಜೊಲ್ಲು ಸುರಿಸುತ್ತಾನೆಂದು ನಾನು ಹಳೇ ನೂಲಿನ ಸೀರೆ ಉಟ್ಟಿದ್ದೆ. ಕ್ಯಾಮೆರಾದವನೊಬ್ಬ ಬಂದ. "ತೆಗಿಯಪ್ಪ, ಚೆನ್ನಾಗಿ ತೆಗಿ" ಅಂದೆ. ಮುಂದಿನ ತಿಂಗಳು ಲೀಡ್ಸ್‌ನಿಂದ ಬರುವ ಅವರ ಹೋರಾಟದ ತಮಿಳು ಪತ್ರಿಕೆಯ ಮುಖಪುಟದಲ್ಲೇ ನಾವಿಬ್ಬರು! ಕೆಳಗಿನ ಅಕ್ಷರ ಯಾರಿಗೆ ಬೇಕು, ಪಟ ಸಾಕಿತ್ತು. ಸಿಕ್ಕಷ್ಟು ಪ್ರತಿ ಕೊಂಡು ಊರಿಗೆ ಅಂಚೆಗೆ ಹಾಕಿದೆ.

ನಮ್ಮೂರಲ್ಲಿ ತಮಿಳು ಓದುವವರಿಗೇನು ಬರ? ತಂಗಿ ಫೋನಿನಲ್ಲಿ ಗೊಳೋ ಅಂತ ಅತ್ತಳು. "ಅಕ್ಕಾ, ಮಗಳು ಅಳಿಯ ಇಬ್ಬರೂ ಬಾಂಬಿಗೆ ಸತ್ತರಂತೆ, ನಮಗೊಂದು ಮಾತು ಹೇಳಲಿಲ್ಲವಲ್ಲೇ!" ಪಟದ ಕೆಳಗೆ ಹಾಗೆ ಅಚ್ಚಾಗಿತ್ತು. ತಂದೆತಾಯಿ ಸತ್ತ ಕೂಸಂತೆ, ಉಳಿದದ್ದು ಅಜ್ಜಿ ಒಬ್ಬಳೇ ಅಂತೆ. ಮಗಳು ನನ್ನೆದುರೇ ಟೋಸ್ಟ್ ತಿನ್ನುತ್ತಿದ್ದಳು. ತಂಗಿಗೇನೋ ನಿಜ ಹೇಳಿದೆ. ಆದರೆ ಆ ಪತ್ರಿಕೆ ಎಷ್ಟು ಮನೆ ಸುತ್ತಿತ್ತೋ! ಮಗಳು ಬದುಕಿದ್ದಾಳೆ ಅಂತಲೂ ಅಚ್ಚಿನಲ್ಲೇ ಬರಬೇಕು ಎಂದು ಹಟ ಹಿಡಿದೆ. ಮಗಳಿಗೆ ರಜೆಯಿದ್ದ ದಿನ ಮಗುವನ್ನು ಅವಳ ಕೈಗೆ ಕೊಟ್ಟು ಹೊರಟೆ.

"ಓದಿದಾಗಲೇ ಯಾಕೆ ಹೇಳಲಿಲ್ಲ?" ಕೋಚಿನಲ್ಲಿ ಯೋಗಮ್ಮನನ್ನು ಕೇಳಿದೆ.

"ನೀವು ಅಷ್ಟು ಕುಣೀತಿದ್ರಿ. ಹೇಳೋಕೆ ಬಾಯಿ ಬರಲಿಲ್ಲ."

ಸಿಟ್ಟು ಬಂತು. ಆದರೂ ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಮೊಮ್ಮಗನಿಗೆ ಕೆಳಗೆ ಒಂದು ಹಲ್ಲು ಬಂದ ಸುದ್ದಿಯನ್ನೂ ಬಿಚ್ಚಿದೆ. ಶೆಫೀಲ್ಡ್ ದಾಟುವವರೆಗೂ ಅದೇ ಮಾತು. ಆಕೆ ಕಿಟಕಿಯಾಚೆ ನೆನೆಯುತ್ತಿದ್ದ ಕುರಿಗಳನ್ನು ನೋಡುತ್ತ ಹೂಂಗುಟ್ಟಿದರು.

ಪತ್ರಿಕೆಯ ಆಫೀಸು ಅಂದರೆ ದಿನಸಿ ಅಂಗಡಿಯ ಮೇಲಿನ ಒಂದು ತಣ್ಣನೆಯ ಕೋಣೆ. ಗೋಡೆ ತುಂಬ ಹೋರಾಟದಲ್ಲಿ ಸತ್ತ ಹುಡುಗರ ಪಟ. ಸಂಪಾದಕ ನನ್ನ ಅಳಿಯನ ವಯಸ್ಸಿನವನು. ಎದ್ದು ನಿಂತು ಕುರ್ಚಿ ಕೊಟ್ಟ, ಟೀ ತರಿಸಿದ.

"ಏನಪ್ಪಾ, ನನ್ನ ಮಗಳನ್ನು ಯಾಕೆ ಕೊಂದೆ?" ಅಂದೆ.

"ಅಮ್ಮಾ, ಅಂಥ ಕೂಸುಗಳು ಅಲ್ಲಿ ನಿಜಕ್ಕೂ ಇವೆ. ಪಟ ತೆಗೆಯೋಕೆ ಸೈನ್ಯದವರು ಒಳಗೆ ಬಿಡಲ್ಲ. ಮುಖ ಯಾರದ್ದಾದ್ರೆ ಏನು?"

"ಹಾಗಾದ್ರೆ ನಿನ್ನ ಮಗೂದೇ ಹಾಕಬೇಕಿತ್ತು. ನಿನ್ನ ಹೆಂಡ್ತಿ ಸತ್ತಳು ಅಂತ ಬರೀಬೇಕಿತ್ತು."

ಅವನ ಮುಖ ಕಪ್ಪಿಟ್ಟಿತು. "ತಪ್ಪಾಯ್ತು ಅಂತ ಅಚ್ಚು ಹಾಕಿದ್ರೆ, ನಿಜವಾಗಿ ಸತ್ತವರನ್ನೂ ಸುಳ್ಳು ಅಂತಾರೆ. ಆಗಲ್ಲಮ್ಮಾ."

ಯೋಗಮ್ಮ ಅವನತ್ತ ಕೈ ಚಾಚಿದರು. "ನನ್ನ ಮೊಮ್ಮಗನ ಪಟ ವಾಪಸು ಕೊಡು."

"ಯಾವ ಪಟ?"

"ಷೆಲ್ಲು ಸಿಡಿದು ತೀರಿಹೋದನಲ್ಲ, ಅವನದ್ದು. ಹಾಕು ಅಂತ ಕಳಿಸಿದ್ದೆ. ಮಗು ನಗ್ತಾ ಇದೆ, ನಗೋ ಪಟ ನಡೆಯಲ್ಲ ಅಂದೆಯಲ್ಲ."

ಗೋಡೆಗೆ ಗೋಡೆ ಅಂಟಿದ ನಮ್ಮ ಮನೆಗಳು, ಆದರೂ ನನಗಿದು ಗೊತ್ತೇ ಇರಲಿಲ್ಲ. ಅವನು ಡ್ರಾಯರೆಲ್ಲ ತಡಕಿ, ಮಡಿಚಿಹೋಗಿದ್ದ ಪಟ ಕೊಟ್ಟ. ನನ್ನ ಟೀ ಹಾಗೇ ಉಳಿಯಿತು.

ಮಳೆ ನಿಂತಿರಲಿಲ್ಲ. ನನ್ನ ಮಗಳು ಆ ಪತ್ರಿಕೆಯಲ್ಲಿ ಇವತ್ತಿಗೂ ಸತ್ತೇ ಇದ್ದಾಳೆ. ಕೋಚು ಊರು ಬಿಟ್ಟ ಮೇಲೆ ಯೋಗಮ್ಮ ಪಟವನ್ನು ಕೋಟಿನ ತೋಳಿಗೆ ಒರೆಸಿ ನನ್ನ ಕೈಗಿಟ್ಟರು. ಬಾಯಿ ತುಂಬ ನಗು, ಕೆಳಗೆ ಎರಡು ಹಲ್ಲು.

"ಎಷ್ಟನೇ ತಿಂಗಳಿಗೆ ಬಂತು ಹಲ್ಲು?" ಕೇಳಿದೆ.

"ಐದಕ್ಕೇ" ಅಂದರು. "ನಿಮ್ಮವನಿಗಿಂತ ಮುಂಚೆ."

ಬರ್ಮಿಂಗ್‌ಹ್ಯಾಮ್ ಬರುವವರೆಗೂ ಆಕೆ ಮಾತಾಡಿದರು. ನಾನು ಹೂಂಗುಟ್ಟಿದೆ.